ಔಷಧ ಕುಡಿದ ಮರ

ಸೆಕ್ಯುರಿಟಿಯವನು ಚೀಲವನ್ನು ಮೇಜಿನ ಮೇಲೆಯೇ ಸುರಿದ. ಪೈನ್ ಮರದ ತುಂಡುಗಳು, ಒಂದೊಂದೂ ಗೇಣುದ್ದ. ಕೊಯ್ದ ಬದಿಯಲ್ಲಿ ತಿಳಿಹಸಿರು ಬಣ್ಣ.

“ಮೂರನೇ ಸಲ, ಸಾಬ್. ಇವತ್ತೂ ಗೇಟಿನಲ್ಲೇ ಸಿಕ್ಕಿದ,” ಎಂದ ಹಿಂದಿಯಲ್ಲಿ.

ಹಾಶಿಮ್ ತಲೆ ತಗ್ಗಿಸಲಿಲ್ಲ. ದುಬೈಯ ಈ ಟಿಂಬರ್ ಯಾರ್ಡಿನಲ್ಲಿ ಹದಿನಾಲ್ಕು ವರ್ಷದಿಂದ ಅವನದು ಒಂದೇ ಕೆಲಸ: ಬಿಸಿಲು, ಉಪ್ಪುಗಾಳಿ, ಗೆದ್ದಲು ತಾಗದಂತೆ ಮರಕ್ಕೆ ಔಷಧ ಕುಡಿಸುವುದು. ಅವನ ವೀಸಾ ನವೀಕರಣದ ಅರ್ಜಿ ಆಡಳಿತ ಮ್ಯಾನೇಜರ್ ಸೂರಜನ ಎದುರಿಗಿತ್ತು. ಸಹಿ ಬೀಳದಿದ್ದರೆ ತಿಂಗಳೊಳಗೆ ಉಳ್ಳಾಲಕ್ಕೆ ವಾಪಸ್. ಅಲ್ಲಿ ಅವನೊಬ್ಬನ ದುಡಿಮೆಯಲ್ಲಿ ಏಳು ಜನ ಉಣ್ಣುತ್ತಿದ್ದರು.

“ಏನಪಾ, ಮುಹೈಸ್ನಾ ಲೇಬರ್ ಕ್ಯಾಂಪಿನಾಗ ಬಿರಿಯಾನಿ ಹೋಟೆಲ್ ತಗದೀ ಏನು?” ಸೂರಜ ಕೇಳಿದ. ಅರ್ಥವಾಗದಿದ್ದರೂ ಸೆಕ್ಯುರಿಟಿಯವನು ನಕ್ಕ.

“ನಾನು ಸುಡ್ಲಿಕ್ಕೆ ಕೊಂಡೋದದ್ದಲ್ಲ ಸರ್. ನಿಮಗೆ ವಾಟ್ಸಾಪಿನಲ್ಲಿ ಬರ್ದಿದ್ದೆ. ಎರಡು ಸಲ.”

“ದಿನಾ ಇನ್ನೂರು ಮೆಸೇಜ್ ಬರ್ತಾವ. ನಿನ್ನ ಗುಡ್ ಮಾರ್ನಿಂಗ್ ನೋಡ್ಕೋತ ಕುಂದರ್ಲೇನು?”

ಸೂರಜನ ಫೋನ್ ಹೊಡೆದುಕೊಂಡಿತು. ಹೆಂಡತಿ ನಿಖಿತಾ; ಮನೆಯಲ್ಲಿ ಮಗನಿಗೆ ಹುಷಾರಿರಲಿಲ್ಲ. ಸೂರಜ ಕುರ್ಚಿ ತಿರುಗಿಸಿದ.

“ಮತ್ತ ವಾಂತಿ ಮಾಡಿದನಾ? ಶುಕ್ರವಾರ ಮಟನ್ ಕೊಟ್ಟ ಆ ಅಂಗಡಿಯವಂದ ತಪ್ಪು. ಇನ್ನ ಅವನ ಕಡೆ ತರೂದ ಬ್ಯಾಡ. ಅಮೋಘನ್ನ ಇನ್ನೊಮ್ಮೆ ಡಾಕ್ಟರ್‌ಗೆ ತೋರಸು. ಇಲ್ಲೊಂದು ಕಳ್ಳನ ಪಂಚಾಯಿತಿ ಅದ, ಮುಗಿಸಿ ಬರ್ತೀನಿ.”

ಫೋನಿಟ್ಟವನೇ ಅರ್ಜಿಯನ್ನು ಅಡ್ಡಕ್ಕೆ ಹರಿದ.

“ಖಲಾಸ್. ಕಂಪನಿ ಮಾಲು ಕದ್ದವರಿಗೆ ಇಲ್ಲಿ ಜಾಗ ಇಲ್ಲ.”

ಹಾಶಿಮ್ ಹರಿದ ಕಾಗದವನ್ನೇ ನೋಡಿದ. ಮಾತಾಡಿದಾಗ ದನಿ ಏರಲಿಲ್ಲ.

“ಎದುರಿನ ಪ್ಲಾಂಟಿನಲ್ಲಿ ವಿಷದ ಕಸಕ್ಕೆ ಅಂತ ಬೀಗ ಹಾಕುವ ಡ್ರಮ್ ಉಂಟಲ್ಲ, ಅದಕ್ಕೆ ಹಾಕ್ಲಿಕ್ಕೆ ಕೊಂಡೋಗುದು ಸರ್. ಈ ಔಷಧದಲ್ಲಿ ಆರ್ಸೆನಿಕ್ ಉಂಟು. ಕಂಬ ನೆಟ್ಟರೆ ತೊಂದರೆ ಇಲ್ಲ. ಸುಟ್ಟರೆ ಹೊಗೆಯೂ ವಿಷ, ಬೂದಿಯೂ ವಿಷ. ಯಾರ್ಡಿನ ಹಿಂದೆ ರಾಶಿ ಬಿದ್ದದ್ದನ್ನು ಜನ ಕಟ್ಟಿಗೆ ಅಂತ ಎತ್ಕೊಂಡು ಹೋಗ್ತಾರೆ. ಅದನ್ನೇ ನಿಮಗೆ ಬರ್ದದ್ದು.”

“ಯಾರು ಒಯ್ತಾರ? ಹೆಸರು ಹೇಳು. ಅವರನ್ನೂ ಮನಿಗೆ ಕಳಸ್ತೀನಿ.”

“ನಮ್ಮ ಕ್ಯಾಂಪಿನವರು ಹೇಳಿದ ಮೇಲೆ ಬಿಟ್ಟರು. ಒಬ್ಬ ಮಾತ್ರ ಕೇಳ್ಲಿಲ್ಲ. ನಿಮ್ಮ ಡ್ರೈವರ್. ಶುಕ್ರವಾರ ಎರಡು ಚೀಲ ಕಾರಿಗೆ ಹಾಕಿದ. ‘ತರ್ಲಿಕ್ಕೆ ಹೇಳಿದ್ದೇ ಸಾಹೇಬರು, ಅವರ ಮನೆಯಲ್ಲಿ ಬಾರ್ಬೆಕ್ಯೂ’ ಅಂದ.”