ಸ್ವಿಚ್ಚಿನ ಮೇಲಿನ ಬೆರಳು

"ನಮ್ಮೋರಿಗೆ ಧೈರ್ಯವೇ ಇಲ್ಲ ಕಣೇ! ಮಂತ್ರಿಗಳಾಗ್ಲಿ, ಆಟಗಾರರಾಗ್ಲಿ, ಮಾತಾಡುವಾಗ ಹುಲಿ, ಕೊನೇ ಗಳಿಗೇಲಿ ಇಲಿ," ಎನ್ನುತ್ತಲೇ ದರ್ಜಿ ತನ್ನ ಅಂಗಡಿಯ ಟಿವಿ ಸ್ವಿಚ್ಚಿನ ಮೇಲೆ ಬೆರಳಿಟ್ಟ. ಒಂದೇ ಚೆಂಡು ಉಳಿದಿತ್ತು, ಗೆಲ್ಲಲು ಆರು ರನ್ ಬೇಕಿತ್ತು. ಇಂಥ ಹೊತ್ತಿನಲ್ಲೆಲ್ಲ ಅವನು ಟಿವಿ ಆರಿಸಿ, ನೆರೆಮನೆಯ ಕೂಗೂ ಕಿವಿಗೆ ಬೀಳದಂತೆ ಹೊಲಿಗೆ ಮೆಷಿನ್ ತುಳಿಯುತ್ತ ಕೂರುವುದು ವಾಡಿಕೆ.

ಅಂಗಿಗೆ ಗುಂಡಿ ಹಾಕುತ್ತಿದ್ದ ಹೆಂಡತಿ ದಾರವನ್ನು ಹಲ್ಲಿನಲ್ಲಿ ಕಡಿದಳು. "ಹೋದ ಸಲ ಹೀಗೇ ತುಳಿದು ತುಳಿದು ತೋಳಿಗೆ ಜೇಬು ಕೂರಿಸಿದ್ರಿ. ನೋಡೋಕೇ ನಿಮಗೆ ಎದೆ ಇಲ್ಲ, ಆಡೋರಿಗೆ ಬುದ್ಧಿ ಹೇಳ್ತೀರಾ! ಅಲ್ಲಿ ಬ್ಯಾಟ್ ಹಿಡಿದು ನಿಂತಿರೋನು ಇವತ್ತೇ ತಂಡಕ್ಕೆ ಬಂದೋನು. ಪಾಪ, ಅವನು ಯಾವ ಸ್ವಿಚ್ಚು ಆರಿಸ್ಬೇಕು?"

ಬೆರಳು ಇದ್ದಲ್ಲೇ ನಿಂತಿತು. "ದೇವರೇ," ಎಂದು ದರ್ಜಿ ಕೈಯನ್ನು ಮೆಲ್ಲನೆ ಹಿಂದೆಳೆದುಕೊಂಡ. ಕೊರಳಲ್ಲಿ ತೂಗುತ್ತಿದ್ದ ಅಳತೆ ಟೇಪನ್ನು ಜಪಮಾಲೆಯಂತೆ ಹಿಡಿದು, ಎವೆಯಿಕ್ಕದೆ ನೋಡುತ್ತ ನಿಂತ. ಹೊಸಬ ಹೆಜ್ಜೆ ಮುಂದಿಟ್ಟು ಬೀಸಿದ. ಚೆಂಡು ಏರಿತು, ಏರುತ್ತಲೇ ಹೋಯಿತು, ಕೊನೆಗೆ ಗೆರೆಯಂಚಿನಲ್ಲಿ ಕಾದು ನಿಂತವನ ಕೈಗೆ ಬಂದು ಬಿತ್ತು.

"ಅಯ್ಯೋ, ಸೋತ್ರಲ್ಲ ರೀ!" ಎಂದು ಹೆಂಡತಿ ತಿರುಗಿ ನೋಡಿದರೆ, ದರ್ಜಿ ಟೇಪನ್ನು ಬಾವುಟದಂತೆ ಬೀಸುತ್ತ ಅಂಗಡಿಯ ತುಂಬ ಕುಣಿಯುತ್ತಿದ್ದ. "ಸೋಲ್ಲಿ ಬಿಡೇ! ಅವನು ಹೆದರಲಿಲ್ಲ, ಒಂಚೂರೂ ಹೆದರಲಿಲ್ಲ. ನಾನೇ ನೋಡ್ದೆ ಕಣೇ, ಕಣ್ಣು ಬಿಟ್ಕೊಂಡು ನೋಡ್ದೆ!"