ಟೀವಿಯೊಳಗಿನ ರೀಲು

ಬಿಸಿ ಧೂಳಿನ ವಾಸನೆ ಬಂದರೆ ಈಗಲೂ ಹೊನ್ನಾಳಿಯ ನಮ್ಮ ಹಳೆಯ ಟೀವಿ ನೆನಪಾಗುತ್ತದೆ.

ಆ ದೀಪಾವಳಿಯ ಮಧ್ಯಾಹ್ನ ಓಣಿಯವರೆಲ್ಲ ನಮ್ಮ ಪಡಸಾಲೆಯ ಚಾಪೆಗಳ ಮೇಲೆ ಕೂತಿದ್ದರು. ಊರಿನ ಟೆಂಟ್ ಟಾಕೀಸಿನಲ್ಲಿ ಎರಡು ಭಾಗ ನೋಡಿದ್ದ ಡಕಾಯಿತನ ಸಿನಿಮಾದ್ದೇ ಹಬ್ಬದ ವಿಶೇಷ ಕಾರ್ಯಕ್ರಮ ಟೀವಿಯಲ್ಲಿತ್ತು; ಅದೇ ಹೊಡೆದಾಟ ಇರುತ್ತದೆಂದು ಎಲ್ಲರೂ ಕಾದಿದ್ದರು. ಡಕಾಯಿತ ಸ್ವೆಟರ್ ಹಾಕಿಕೊಂಡು ಬಂದು, ಸೋಫಾದ ಮೇಲೆ ಕೂತು ಹೋಳಿಗೆ ತಿಂದ, ಹಣತೆ ಹಚ್ಚಿದ. ಅಷ್ಟಕ್ಕೇ ಮುಗಿಯಿತು.

"ಫೈಟಿಂಗ್ ಎಲ್ಲೈತೆ?" ಪಕ್ಕದ ಮನೆಯ ಬಸಣ್ಣ ಕೇಳಿದ. ಟೆಂಟಿನವರು ರೀಲು ಕತ್ತರಿಸಿ ಬೇಗ ಆಟ ಮುಗಿಸುವುದು ಎಲ್ಲರಿಗೂ ಗೊತ್ತಿತ್ತು. ಇಲ್ಲಿ ಕತ್ತರಿಸಿದವನು ಟೀವಿಯ ಯಜಮಾನನೇ ಎಂಬಂತೆ ಕಣ್ಣುಗಳೆಲ್ಲ ಅಪ್ಪನ ಕಡೆ ತಿರುಗಿದವು.

"ಇದ್ರಾಗೆ ರೀಲೇ ಇರಲ್ಲ ಕಣ್ರೀ" ಎಂದ ಅಪ್ಪ. ಯಾರೂ ನಂಬಲಿಲ್ಲ. ಕೊನೆಗೆ ಟೀವಿಯ ಹಿಂದಿನ ಮುಚ್ಚಳವನ್ನೇ ಬಿಚ್ಚಿ ತೋರಿಸಿದ. ಬಸಣ್ಣ ಬಗ್ಗಿ ನೋಡಿದ. ಧೂಳು, ವೈರುಗಳಷ್ಟೇ ಇದ್ದವು.

ಅಪ್ಪನ ಹೆತ್ತ ತಾಯಿ, ನಮ್ಮಜ್ಜಿ, ಕೂತಲ್ಲಿಂದಲೇ ಹೇಳಿದಳು: "ಆಗ್ಲೇ ತೆಗೆದು ಮುಚ್ಚಿಟ್ಟಾನೆ, ಬಿಡು ಬಸಣ್ಣ."