ಹಾಲು ಸೋಸುವ ಬಕೆಟ್

ಕಡಲು ಗಂಗೊಳ್ಳಿ ಬಿಟ್ಟು ಹೋಗಿ ಒಂಬತ್ತು ವರ್ಷ. ಹೋಗುವಾಗ ಗುಲಾಬಿಯ ಗಂಡ ಶೀನನನ್ನೂ ದೋಣಿ ಸಮೇತ ಕೊಂಡೊಯ್ದಿತ್ತು. ಹೊಂಡಗಳಲ್ಲಿ ಉಳಿದ ಉಪ್ಪುನೀರನ್ನು ಮನೆಗೊಂದು ಗಾಜಿನ ತೊಟ್ಟಿಯಂತೆ ಹಂಚಿದ್ದರು.

ಕಳೆದ ವರ್ಷ ನೂಲ ಹುಣ್ಣಿಮೆಗೆ ಅತ್ತೆ, ಕಡಲಿಗೆ ಹಾಲೆರೆಯುವ ಪದ್ಧತಿ ಬಿಡದೆ, ತೊಟ್ಟಿಗೇ ಎರೆದಿದ್ದರಿಂದ ಎರಡು ಮೀನು ಸತ್ತವು. ಉಳಿದದ್ದು ಒಂದೇ ಕಾಣೆ ಮೀನು. ಬೈದು ಸೋತ ಗುಲಾಬಿ ಈ ಸಲ ತೊಟ್ಟಿಯ ನೀರಿನಿಂದ ಹಾಲು ಸೋಸಲೆಂದೇ ಪೇಂಟಿನ ಬಕೆಟ್ಟಿಗೆ ತೂತು ಕೊರೆದು, ಹತ್ತಿ, ಇದ್ದಿಲು, ಮರಳು ತುಂಬಿ, ಕೂಲರಿನ ಹಳೆಯ ಪಂಪು ಜೋಡಿಸಿದ್ದಳು.

ಅತ್ತೆ ಲೋಟ ಹಿಡಿದು ಬಂದರು. “ಬೈಬೇಡ ಮಾರಾಯ್ತಿ. ಹಾಲೆರೀದೆ ಕಡ್ಲ್ ತಿರ್ಗಿ ಬತ್ತಿಲ್ಲ.”

ಗುಲಾಬಿ ಬೈಯಲಿಲ್ಲ. ಪಂಪಿನ ಸ್ವಿಚ್ ಹಾಕಿ, ಬಕೆಟ್ಟಿನಿಂದ ನೀರು ತಿಳಿಯಾಗಿ ಇಳಿಯುವುದನ್ನೇ ನೋಡುತ್ತ ನಿಂತಳು.

“ಪೂರಾ ಎರೀಬೇಡಿ ಅತ್ತೆ,” ಎಂದಳು. “ನಂಗೂ ಎರೂಕೆ ಚೂರ್ ಉಳ್ಸಿ.”